ಕಾಗುಣಿತಕ್ಕೆ ಬಡಿದ ಗಚ್ಚು

ನಿನ್ನೆ ಸಿಂಧನೂರಿನ ನಮ್ಮ ಮನೆಯ ಮಾಳಿಗೆಗೆ ನೀರು ಇಳಿಯದಂತೆ ಡಾಂಬರಿನ ಹಾಳೆ ಹಾಸಿದರು. ಬೆಂಕಿ ತಾಗಿಸಿ ಅಂಟಿಸುವಾಗ ಎದ್ದ ವಾಸನೆಗೆ ನೀವು ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ಕೆಳಗೆ ಓಡಿದಿರಿ. ನಾನು ಮೆಟ್ಟಿಲ ಮೇಲೆ ಕುಳಿತೇ ಇದ್ದೆ. ನನಗೆ ಬೇರೊಂದು ಮಾಳಿಗೆಯ ವಾಸನೆ ನೆನಪಾಗಿತ್ತು... ಹಸಿ ಸುಣ್ಣ, ಇಟ್ಟಂಗಿ ಪುಡಿ, ಬೆಲ್ಲದ ನೀರು.

ಅದು ನಿಜಾಮರ ಕಾಲ. ಸರಕಾರಿ ಶಾಲೆಯ ಪಾಠವೆಲ್ಲ ಉರ್ದುವಿನಲ್ಲಿ. ಮಸ್ಕಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಕನ್ನಡ ಕಲಿಯಲು ಇದ್ದದ್ದು ಅಯ್ಯನವರು ಮಠದ ಪಡಸಾಲೆಯಲ್ಲಿ ನಡೆಸುತ್ತಿದ್ದ ಶಾಲೆಯೊಂದೇ. ಅದರ ಮಣ್ಣಿನ ಮಾಳಿಗೆ ಸೋರುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ನಾನು ಅಲ್ಲಿ ತೊಯ್ದು ಜ್ವರ ಬಂದು ಮಲಗಿದ್ದೆ. "ಇನ್ನೊಮ್ಮಿ ಸೋರಿತಂದ್ರ ನೀ ಸಾಲಿಗಿ ಹೋಗೂದು ಬಂದ್," ಎಂದು ಅಪ್ಪ ಹೇಳಿಬಿಟ್ಟಿದ್ದರು.

ಬೇಸಿಗೆಯಲ್ಲಿ ಊರವರು ಕೂಡಿ ಮಾಳಿಗೆಗೆ ಸುಣ್ಣ, ಇಟ್ಟಂಗಿ ಪುಡಿ ಕಲಸಿದ ಗಚ್ಚು ಹಾಕಿಸಿದರು. ಬಡಿಯುವ ಹೆಂಗಸರಿಗೆ ನಮ್ಮ ಓಣಿಯ ಚಿಗವ್ವ ಮುಂದಾಳು. ನನಗೆ ಸ್ವಂತ ಚಿಕ್ಕಮ್ಮನಲ್ಲ, ಓಣಿಗೆಲ್ಲ ಆಕೆ ಚಿಗವ್ವನೇ. ಬೆಲ್ಲದ ನೀರು ಚಿಮುಕಿಸುತ್ತ, ಗಚ್ಚು ಬಿಗಿಯುವ ಮೊದಲೇ, ಮರದ ಕೊಡತಿಗಳಿಂದ ಎಲ್ಲರೂ ಒಂದೇ ಪೆಟ್ಟಿಗೆ ಬಡಿಯಬೇಕು. ಪೆಟ್ಟು ಕೂಡಲು ಹಾಡು ಬೇಕು. ಆ ಹಾಡಿನಲ್ಲಿ ಪಾಠ ಕೇಳುವುದಿಲ್ಲವೆಂದು ಅಯ್ಯನವರು ಅಂಗಳಕ್ಕೆ ಬಂದು ಗೊಣಗಿದರು.

"ಹಂಗಾರ ನಮ್ಮ ಹಾಡು ಬಿಡ್ತೀವ್ರಿ ಅಯ್ಯನೋರ," ಎಂದಳು ಚಿಗವ್ವ ಮೇಲಿಂದ. "ನಿಮ್ಮ ಹುಡುಗ್ರು ಒದರೂದಕ್ಕ ಬಡೀತೀವಿ. ಖರೇ, ನಡುವ ನಿಂದರಬಾರ್ದು ನೋಡ್ರಿ."

ನಾವು ಕೆಳಗೆ ಕ ಕಾ ಕಿ ಕೀ ಎಂದರೆ ಮೇಲೆ ಧಪ್ ಧಪ್... ನನ್ನ ಸರದಿ ಬಂದಾಗ 'ಕೂ' ಆದ ಮೇಲೆ ಬಾಯಿ ಕಟ್ಟಿತು. ಕೊಡತಿಗಳೂ ನಿಂತವು. ಬೆಳಕಿಂಡಿಯಲ್ಲಿ ಚಿಗವ್ವನ ಮುಖ ಕಾಣಿಸಿತು.

"ಏನ್ ನುಂಗಿದಿ ಬೇ? ಲಗೂನ ಉಗುಳು, ಗಚ್ಚು ಬಿಗಿಯಾಕತ್ತೈತಿ!"

ಎಲ್ಲರೂ ನಕ್ಕರು. ಆ ನಗುವಿನಲ್ಲೇ ನನ್ನ ಬಾಯಿಂದ 'ಕೃ' ಹೊರಬಿತ್ತು. ಧಪ್!

ಆಮೇಲೆ ಎಷ್ಟೋ ದಿನ ಚಿಗವ್ವನ ಬೀಸುಕಲ್ಲಿನ ಸದ್ದಿನೊಳಗೂ ಕಾಗುಣಿತ ಕೇಳುತ್ತಿತ್ತು. "ಅಕ್ಷರ ಹೆಂಗಿರ್ತಾವೋ ನಂಗೇನ್ ಗೊತ್ತವ್ವ. ಆದ್ರ ಎಲ್ಲಾ ನನ್ನ ರಟ್ಟ್ಯಾಗ ಅದಾವ," ಎನ್ನುತ್ತಿದ್ದಳು.

ಮೊದಲ ದೊಡ್ಡ ಮಳೆ ಬಂದಾಗ ನಾವು ಬರೆಯುವ ಪಾಟಿ ಎದೆಗವಚಿಕೊಂಡು ಮೇಲೆ ನೋಡುತ್ತ ಕುಳಿತಿದ್ದೆವು. ನನ್ನನ್ನು ಕರೆದೊಯ್ಯಲು ಬಂದ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಚಿಗವ್ವ ಮಳೆಯಲ್ಲೇ ಓಡಿ ಬಂದು, ತೊಲೆಗಳ ಕೆಳಗೆಲ್ಲ ಅಂಗೈ ಒಡ್ಡುತ್ತ ತಿರುಗಿದಳು. ಮೇಲಿಂದ ಒಂದು ಹನಿಯೂ ಬೀಳಲಿಲ್ಲ.

"ನೋಡಣ್ಣ, ಇಲ್ಲಿ ಸೋರಾಕತ್ತಿದ್ದು ನನ್ನ ಸೆರಗಷ್ಟ. ಕೂಸು ಕುಂದರ್ಲಿ ಬಿಡು," ಎಂದಳು.

ಅಪ್ಪ ಒಬ್ಬರೇ ಹೊರಟುಹೋದರು. ನಾನು ಕುಳಿತೆ.

ಡಾಂಬರು ಹಾಸಿದವರು ಮಧ್ಯಾಹ್ನಕ್ಕೇ ಮುಗಿಸಿ, ಮಾತಿಲ್ಲದೆ ಇಳಿದು ಹೋದರು. ಅವರ ಕೆಲಸವೂ ಚೆನ್ನಾಗಿದೆ. ಚಿಗವ್ವ ತೀರಿಕೊಂಡು ಎಷ್ಟೋ ವರ್ಷಗಳಾದವು. ಆ ಪಡಸಾಲೆಯೂ ಉಳಿದಿಲ್ಲ. ಆದರೆ ಮಕ್ಕಳೇ, ಈಗಲೂ ಬರೆಯುವಾಗ 'ಕೃ' ಬಂದಲ್ಲಿ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ, ಮೇಲಿನ ಪೆಟ್ಟಿಗಾಗಿ ಕಾಯುತ್ತ...