ನಮ್ಮ ಅಧ್ಯಕ್ಷರು ಮತ್ತು ನೀಲಿ ಎಮ್ಮೆ

ಮಕ್ಕಳಿಗೆ ಚಿತ್ರಕಲೆ ಕಲಿಸುವ ನಮ್ಮ ಬೆಳಗಾವಿ ಸಂಸ್ಥೆಯ ಅಧ್ಯಕ್ಷರು ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿದು ನಿವೃತ್ತರಾದವರು. ಯಾವ ಚಿತ್ರ ಕಂಡರೂ ಕನ್ನಡಕ ಹಣೆಗೇರಿಸಿ, ಹಾಳೆಗೆ ಮೂಗು ತಾಗುವಷ್ಟು ಬಾಗಿ, “ಮೊದಲ ನೋಡೂಣು, ಆಮ್ಯಾಲ ಮಾತಾಡೂಣು” ಎನ್ನುತ್ತಿದ್ದರು.

ಖಾನಾಪುರದ ಪ್ರದರ್ಶನದ ದಿನ ಒಬ್ಬ ಹುಡುಗಿ ತನ್ನ ಚಿತ್ರದ ಮುಂದೆ ಅಳುತ್ತ ನಿಂತಿದ್ದಳು. ಅವಳು ಬರೆದ ನೀಲಿ ಎಮ್ಮೆಗೆ, ಅತಿಥಿಗಳು ನಕ್ಕಾರೆಂದು ಹೆದರಿ, ಶಿಕ್ಷಕನಾದ ನಾನೇ ಕಪ್ಪು ಬಳಿದಿದ್ದೆ.

“ಯಾಕವ್ವಾ?” ಎಂದರು ಅಧ್ಯಕ್ಷರು.

“ನಮ್ಮ ಎಮ್ಮಿ ಹೊಳ್ಯಾಗಿಂದ ಎದ್ದಾಗ ನೀಲಿನ ಕಾಣತೈತ್ರಿ.”

ನಾನು ತಪ್ಪೊಪ್ಪಿಕೊಂಡೆ. ಅವರು ನನ್ನನ್ನು ಬೈಯಲಿಲ್ಲ. ಅವಳಿಗೆ ಕೈಮುಗಿದು, “ನಮ್ಮಿಂದ ತಪ್ಪಾತವ್ವಾ, ಇನ್ನೊಮ್ಮಿ ಬರಿ,” ಎಂದರು. ಅವಳು ಬರೆದು ಮುಗಿಸುವವರೆಗೂ ಅತಿಥಿಗಳು ಹೊರಗೇ ಕಾದರು. ಅಧ್ಯಕ್ಷರು ನೆಲದ ಮೇಲೆ ಅವಳ ಪಕ್ಕ, ಕುಂಚ ಅದ್ದುವ ನೀರಿನ ಬಟ್ಟಲು ಹಿಡಿದು ಕುಳಿತಿದ್ದರು.