ಕೆರೆಬಯಲು ಟೀಮಿನ ಏಳು ಜನ

ಪಕ್ಕದ ಮನೆಯವರು ಮಗುವಿನ ಎದೆಗೆ ಹಚ್ಚಲು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿದಾಗ ಆ ವಾಸನೆ ನನ್ನ ಅಡುಗೆಮನೆಗೂ ಬರುತ್ತದೆ. ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಯ ಬಳಿಗೆ ಹೋಗುತ್ತೇನೆ. ಪಿರಿಯಾಪಟ್ಟಣ ದಾಟಿ ಬೈಲಕುಪ್ಪೆಯ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿದ್ದ ನಮ್ಮ ಹೆಂಚಿನ ಮನೆ ಕಣ್ಣ ಮುಂದೆ ಬರುತ್ತದೆ. ಅದರ ಜಗಲಿಯ ಮೇಲೆ ಸಂಜೆಹೊತ್ತು ಮೊಣಕಾಲವರೆಗೂ ಕೆಸರು ಮೆತ್ತಿಕೊಂಡ ಹುಡುಗರು ಸಾಲಾಗಿ ಕಾಲು ಚಾಚಿ ಕೂತಿರುತ್ತಿದ್ದರು. ದೊಡ್ಡಮ್ಮ ಒಲೆಯಿಂದ ಇಳಿಸಿದ ಎಣ್ಣೆಯ ಬಟ್ಟಲನ್ನು ಸೆರಗಿನಲ್ಲಿ ಹಿಡಿದು ತಂದು ನಡುವೆ ಇಡುತ್ತಿದ್ದಳು. "ನೀವ್ ನೀವೇ ಹಚ್ಕಳಿ ಕಣ್ರಪ್ಪ, ನಾನೇನು ನಿಮ್ಮ ಬಾಣಂತನ ಮಾಡಾಕೆ ಬಂದಿಲ್ಲ" ಎಂದು ಗದರುತ್ತಲೇ, ಯಾರಿಗೆ ಹೆಚ್ಚು ಪೆಟ್ಟಾಗಿದೆಯೋ ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದಳು. ಆ ಎಣ್ಣೆ, ಬೆವರು, ಒದ್ದೆ ಚೆಂಡಿನ ಚರ್ಮ, ಮುಂಭಾಗದ ಅಂಗಡಿಯಿಂದ ಬರುವ ರಬ್ಬರು ಅಂಟಿನ ಘಾಟು, ಇವೆಲ್ಲ ಕೂಡಿದ್ದೇ ನಮ್ಮ ಮನೆಯ ವಾಸನೆ. ನಿಮ್ಮ ಬಾಲ್ಯದ ಮನೆಗೂ ಅಂಥದೊಂದು ವಾಸನೆ ಇದ್ದಿರಬೇಕು. ಅದು ನಮ್ಮನ್ನು ಹುಡುಕಿಕೊಂಡು ಬರಬಹುದು, ನಾವು ಹುಡುಕಿಕೊಂಡು ಹೋದರೆ ಸಿಗುವುದಿಲ್ಲ.

ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಆ ಮನೆಯ ಮುಂಭಾಗದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ. ಲಾರಿಯ ಟ್ಯೂಬಿಗೆ ತೇಪೆ ಹಾಕುವ ಕೈಯಲ್ಲೇ ಫುಟ್ಬಾಲಿನ ಬ್ಲಾಡರಿಗೂ ತೇಪೆ ಹಾಕುತ್ತಿದ್ದ. ವಯಸ್ಸಿನಲ್ಲಿ ಗೋಲು ಕಾಯುವ ಗೋಲಿ ಆಗಿದ್ದವನು. ಆಮೇಲೆ ಊರಿನ ಟೀಮನ್ನೇ ತನ್ನ ಹೆಗಲಿಗೆ ಹಾಕಿಕೊಂಡ. ಬೇಸಿಗೆಯಲ್ಲಿ ಕೆರೆಯ ನೀರು ಹಿಂದೆ ಸರಿದ ಜಾಗದಲ್ಲಿ ಆಡುತ್ತಿದ್ದರಿಂದ ಎಲ್ಲರೂ ಅದನ್ನು ಕೆರೆಬಯಲು ಟೀಮು ಎನ್ನುತ್ತಿದ್ದರು. ನಾನು ತೀರಾ ಚಿಕ್ಕವಳಿದ್ದಾಗ ಅಕ್ಕಿ ಮಿಲ್ಲಿನ ಸಾಹುಕಾರರೊಬ್ಬರು ಟೀಮಿಗೆ ಬಟ್ಟೆ ಹೊಲಿಸಿ, ಟೆಂಪೋ ಮಾಡಿಸಿ ಕಳಿಸುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಮಕ್ಕಳು ಮಿಲ್ಲು ಮಾರಿ ಹೋದರು. ಗೋಲಿನ ಹರಿದ ಬಲೆಯನ್ನು ಯಾರೋ ಕೋಳಿಗೂಡಿಗೆ ಕಟ್ಟಿದರು. ಬಹುಮಾನ ಸಿಗುತ್ತದೆಂದು ಹುಡುಗರು ಒಬ್ಬೊಬ್ಬರಾಗಿ ಟೆನಿಸ್ ಬಾಲಿನ ಕ್ರಿಕೆಟ್ಟಿಗೆ ಹೋದರು. ಒಂದು ದೀಪಾವಳಿಯ ಹೊತ್ತಿಗೆ ಬಯಲಿನಲ್ಲಿ ಉಳಿದವರು ದೊಡ್ಡಪ್ಪ ಮತ್ತು ಮಾದೇವ, ಇಬ್ಬರೇ.

ಮಾದೇವ ನಮ್ಮ ನೆಂಟನಲ್ಲ. ತಾಯಿ ಇಲ್ಲದ ಹುಡುಗ, ತಂದೆ ಕೂಲಿಗೆಂದು ಊರೂರು ತಿರುಗುವವನು. ಚೆಂಡಿನ ಹಿಂದೆ ನಮ್ಮ ಜಗಲಿಗೆ ಬಂದವನು ಅಲ್ಲೇ ಉಂಡು ಅಲ್ಲೇ ಮಲಗುತ್ತ ಇಪ್ಪತ್ತು ದಾಟಿದ್ದ. ಅವನು ಓಡುವುದನ್ನು ನೋಡಲೆಂದೇ ಹೊಲದಿಂದ ಬರುವವರು ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸದೆ ಏರಿಯ ಮೇಲೆ ನಿಲ್ಲುತ್ತಿದ್ದರು. "ಇವನೊಬ್ಬನ ಕಾಲಿಗಾದ್ರೂ ನಾನು ಟೀಮ್ ಕಟ್ಟಬೇಕು ಕಣೆ" ಎಂದು ದೊಡ್ಡಪ್ಪ ಊಟದ ಹೊತ್ತಿನಲ್ಲಿ ಹೇಳಿದ್ದು ನನಗೆ ನೆನಪಿದೆ. ದೊಡ್ಡಮ್ಮ ಮಾದೇವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಆ ವರ್ಷವೆಲ್ಲ ದೊಡ್ಡಪ್ಪ ಅಂಗಡಿ ಮುಚ್ಚಿದ ಮೇಲೆ ಮನೆಮನೆ ಅಲೆದ. ಕ್ರಿಕೆಟ್ಟಿಗೆ ಹೋದವರನ್ನು ಬೈದು, ರಮಿಸಿ ಕರೆತಂದ. ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನಿಂದ ತೆಂಜಿನ್ ಎಂಬ ಹುಡುಗ ಬೈಕಿನ ಟೈರಿಗೆ ತೇಪೆ ಹಾಕಿಸಲು ಬಂದಿದ್ದ. ಟೈರು ಆಗುವತನಕ ಸುಮ್ಮನಿರಲಾರದೆ ಚೆಂಡನ್ನು ಕಾಲಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ತಲೆಗೆ ಆಡಿಸುತ್ತಿದ್ದುದನ್ನು ಕಂಡು ದೊಡ್ಡಪ್ಪ ಅವನನ್ನೂ ಬಿಡಲಿಲ್ಲ. ನಮ್ಮ ಹುಡುಗರಿಗಿಂತ ಸೊಗಸಾಗಿ "ಏನ್ಲಾ, ಅಂಗ್ಯಾಕ್ ಒದೀತೀಯ?" ಎನ್ನುತ್ತಿದ್ದ ತೆಂಜಿನ್, ದೊಡ್ಡಮ್ಮನ ಮುದ್ದೆ, ಉಪ್ಪೆಸರಿಗೆ ಮರುಳಾಗಿ ಮನೆಯವನೇ ಆಗಿಹೋದ. ಹನ್ನೊಂದು ಜನ ಕೂಡಿದರು. ಆದರೆ ಹುಣಸೂರಿನಲ್ಲಿ ಸ್ವಾತಂತ್ರ್ಯ ದಿನಕ್ಕೆ ನಡೆಯುವ ಟೂರ್ನಮೆಂಟಿಗೆ ಬರಿಗಾಲಿನಲ್ಲಿ ಹೋಗುವಂತಿರಲಿಲ್ಲ. ಶೂ ಬೇಕು, ಬಟ್ಟೆ ಬೇಕು, ಪ್ರವೇಶದ ಹಣ ಬೇಕು. ಕೇಳಿದವರೆಲ್ಲ ಇಲ್ಲವೆಂದು ಕೈಯಲ್ಲಾಡಿಸಿದರು. ಕೊನೆಗೆ ದೊಡ್ಡಪ್ಪ ತಂಬಾಕು ಬೆಳೆಯುವ ಪುಟ್ಟೇಗೌಡರ ಬಳಿ ಮಾತಾಡಿಕೊಂಡು ಬಂದ. ಆ ವರ್ಷದ ಎಲೆ ಮುರಿಯುವ ಕೆಲಸ, ಕಡ್ಡಿಗೆ ಕಟ್ಟಿ ಎಲೆ ಒಣಗಿಸುವ ಬ್ಯಾರನ್ನಿಗೆ ಏರಿಸುವ ಕೆಲಸ ಇಡೀ ಟೀಮು ಮಾಡಿಕೊಡಬೇಕು. ಅದರ ಕೂಲಿಯನ್ನು ಗೌಡರು ಮೊದಲೇ ಕೊಡುತ್ತಾರೆ. ಹುಡುಗರು ಕುಣಿದಾಡಿದರು. ನೀಲಿ ಬಟ್ಟೆ ಬಂದ ದಿನ ದೊಡ್ಡಮ್ಮ ಅವಕ್ಕೆಲ್ಲ ಅರಿಶಿನ ಕುಂಕುಮ ಮುಟ್ಟಿಸಿ ಒಂದೊಂದಾಗಿ ಮಡಿಸಿಟ್ಟಳು. ಆ ಮುಂಗಾರಿನಷ್ಟು ನಗು ನಮ್ಮ ಜಗಲಿ ಆಮೇಲೆ ಕಾಣಲಿಲ್ಲ.

ಟೂರ್ನಮೆಂಟಿನ ಮೊದಲ ಪಂದ್ಯಕ್ಕೆ ಎರಡು ದಿನ ಇರುವಾಗ, ಹಿಡಿದಿದ್ದ ಸೋನೆ ಬಿಟ್ಟು ಬಿಸಿಲು ಬಂತು. ಹೊಲದ ತುಂಬ ತಂಬಾಕಿನ ಎಲೆ ಒಟ್ಟಿಗೆ ಹಣ್ಣಾಗತೊಡಗಿತು. ಗೌಡರೇ ಜಗಲಿಗೆ ಬಂದರು. ಕೂರಲಿಲ್ಲ.

"ಒಪ್ಪೊತ್ತು ಬುಟ್ಕೊಡಿ ಗೌಡ್ರೇ. ಆಡ್ಕೊಂಡು ಬಂದು ರಾತ್ರಿಯೆಲ್ಲ ಕಡ್ಡಿ ಕಟ್ತಾರೆ" ಎಂದು ದೊಡ್ಡಪ್ಪ ಕೈ ಮುಗಿದ.

"ನಾನೇನ್ ಮಾಡ್ಲಿ ಹೇಳಯ್ಯ? ಎಲೆ ಮಾಗ್ಬುಟ್ಟದೆ. ಅವತ್ತು ಮುರೀದಿದ್ರೆ ಮಾರ್ನೆ ದಿನ ಕರ್ರಗಾಯ್ತದೆ. ಅದುಕ್ಕೇನು ನಿನ್ನ ಫುಟ್ಬಾಲು ಗೊತ್ತಾ?"

ಗೌಡರು ಕೆಟ್ಟವರಾಗಿರಲಿಲ್ಲ. ಅವರ ದನಿಯಲ್ಲೂ ಅಳುಕಿತ್ತು. ಆಗ ಒಳಗಿನಿಂದ ದೊಡ್ಡಮ್ಮ ಬಾಗಿಲಿಗೆ ಬಂದಳು. "ನಮ್ಮುನ್ನ ಆಕ್ಕಳಿ ಗೌಡ್ರೇ. ನಾನು, ನನ್ನ ವಾರಗಿತ್ತಿ, ಕೇರಿಯೋರು ಯಾರು ಬತ್ತಾರೋ ಅವ್ರು. ನಾವು ಎಷ್ಟು ಜನ ಬಂದ್ರೆ ಅಷ್ಟು ಐಕ್ಳ ಬುಡಿ." ಅವಳು ಮನೆಮನೆಗೆ ಹೋಗಿ ಕೇಳಿದಳು. ಎಲ್ಲರ ಹೊಲದಲ್ಲೂ ಎಲೆ ಹಣ್ಣಾಗಿತ್ತು. ಯಾರನ್ನು ಬಾ ಎನ್ನುವುದು? ಒಟ್ಟಿಗೆ ಏಳು ಹೆಂಗಸರಾದರು. ಹುಣಸೂರಿಗೆ ಹೊರಟವರೂ ಏಳೇ ಜನ. ಏಳು ಜನರಿದ್ದರೆ ಪಂದ್ಯ ಆಡಬಹುದು, ಅದಕ್ಕಿಂತ ಒಬ್ಬ ಕಡಿಮೆಯಾದರೂ ಆಟ ನಿಲ್ಲಿಸಿ ಸೋತಿರಿ ಎಂದುಬಿಡುತ್ತಾರೆ ಎಂದು ದೊಡ್ಡಪ್ಪ ದಾರಿಯುದ್ದಕ್ಕೂ ಅವರಿಗೆ ಹೇಳುತ್ತಲೇ ಇದ್ದ. ಮನೆಯಲ್ಲಿ ಯಾರೂ ಇಲ್ಲದ್ದರಿಂದ ನನ್ನನ್ನೂ ಟೆಂಪೋದಲ್ಲಿ ಕೂರಿಸಿಕೊಂಡಿದ್ದ.

ಎದುರಿನ ಹನ್ನೊಂದು ಜನರ ಮುಂದೆ ನಮ್ಮ ಏಳು ನೀಲಿ ಅಂಗಿಗಳು ದೊಡ್ಡ ಬಯಲಿನಲ್ಲಿ ಚೆಲ್ಲಿದ ಕಾಳಿನಂತೆ ಕಂಡವು. ನೋಡುವವರು ಮೊದಲು ನಕ್ಕರು. ಒಂದು ಗೋಲು ಬಿತ್ತು. ಆಮೇಲೆ ನಗು ನಿಂತಿತು. ತೆಂಜಿನ್ ಹಿಂದೆ ನಿಂತು ಬಂದದ್ದನ್ನೆಲ್ಲ ತಡೆದ. ಒಮ್ಮೆ ಅವನು ಎತ್ತಿ ಒದ್ದ ಚೆಂಡಿಗೆ ಮಾದೇವ ಒಬ್ಬನೇ ಅರ್ಧ ಮೈದಾನ ಓಡಿ, ಇಬ್ಬರ ನಡುವೆ ನುಗ್ಗಿ, ಗೋಲು ಹೊಡೆದ. ಹುಣಸೂರಿನ ಜನವೆಲ್ಲ ನಮ್ಮ ಕಡೆಯವರಾಗಿ ಕೂಗಿದರು. ದೊಡ್ಡಪ್ಪ ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಸಮ ಆಗಿತ್ತು. ಇನ್ನು ಸ್ವಲ್ಪ ಹೊತ್ತು ಹೀಗೇ ಕಳೆದಿದ್ದರೆ ಸಾಕಿತ್ತು.

ಯಾರೂ ತಳ್ಳಲಿಲ್ಲ. ಮಾದೇವ ಓಡುತ್ತಲೇ ತಿರುಗಿದ, ಅವನ ಕಾಲು ಕೆಸರಿನಲ್ಲೇ ಉಳಿಯಿತು. ಬಿದ್ದವನ ಕೂಗು ನಾವು ನಿಂತಲ್ಲಿಗೆ ಕೇಳಿತು. ರೆಫರಿ ಬಂದು ಬಗ್ಗಿ ನೋಡಿದರು. ಮಾದೇವ ತೆಂಜಿನ್ನನ ಭುಜ ಹಿಡಿದು ಒಂಟಿ ಕಾಲಿನ ಮೇಲೆ ಎದ್ದ.

"ನಾನು ಓಡಾಕಿಲ್ಲ ಸಾ. ಸುಮ್ನೆ ಇಲ್ಲೇ ನಿಂತ್ಕತೀನಿ. ನಿಂತಿದ್ರೆ ಲೆಕ್ಕಕ್ಕೆ ಬತ್ತೀನಲ್ವಾ?"

ರೆಫರಿ ನಮ್ಮ ಕಡೆ ನೋಡಿದರು. ಮಾದೇವನ ತುಟಿ ಬೆಳ್ಳಗಾಗಿತ್ತು, ಮೊಣಕಾಲು ನೋಡುನೋಡುತ್ತಲೇ ಊದುತ್ತಿತ್ತು. ದೊಡ್ಡಪ್ಪ ನನ್ನನ್ನು ಕೆಳಗಿಳಿಸಿದ. ಸುಣ್ಣದ ಗೆರೆಯ ಹತ್ತಿರ ಹೋಗಿ ಒಂದು ಗಳಿಗೆ ನಿಂತ. ಆಮೇಲೆ ಗೆರೆ ದಾಟಿದ. "ಬಾರ್ಲಾ, ಸಾಕು" ಎಂದ. ಮಾದೇವ ಬೇಡವೆಂದು ತಲೆಯಾಡಿಸುತ್ತ ಅಳುತ್ತಿದ್ದ. ದೊಡ್ಡಪ್ಪ ಅವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ತಂದ. ರೆಫರಿ ಸೀಟಿ ಊದಿದರು. ಗೆದ್ದವರೂ ಕೂಗಲಿಲ್ಲ.

ಸಂಜೆ ಹೊಲದಿಂದ ಬಂದ ದೊಡ್ಡಮ್ಮನ ಕೈ ಎಲೆಯ ಅಂಟಿನಿಂದ ಮೊಣಕೈವರೆಗೂ ಕರ್ರಗಿತ್ತು. "ಗೆದ್ರಾ?" ಎಂದಳು. ಜಗಲಿಯ ಮೇಲೆ ಮಲಗಿದ್ದ ಮಾದೇವ ಗೋಡೆಯ ಕಡೆ ತಿರುಗಿದ. ಅವಳು ಬಚ್ಚಲಿಗೆ ಹೋದಳು. ಕೈ ತೊಳೆದಳು, ಉಜ್ಜಿದಳು, ಮತ್ತೆ ತೊಳೆದಳು. ಆ ಕಪ್ಪು ಬಿಡಲಿಲ್ಲ.

ಮೈಸೂರಿನ ಡಾಕ್ಟರು ಮೊಣಕಾಲಿಗೆ ಆಪರೇಷನ್ ಆಗಬೇಕು ಎಂದರು. ಮನೆಯವರು ಹಣಕ್ಕಾಗಿ ಯಾರ್ಯಾರನ್ನೋ ಕೇಳಿದರು, ಹೊಂದಲಿಲ್ಲ. ಪಟ್ಟಿ ಕಟ್ಟಿಸಿಕೊಂಡು ಬಂದರು. ಉಳಿದ ಹುಡುಗರು ಮಾತಿನಂತೆ ಗೌಡರ ಎಲೆ ಮುರಿದು ಮುಗಿಸಿದರು, ಆ ನೀಲಿ ಅಂಗಿಗಳಲ್ಲೇ. ಟೀಮು ಮುಗಿಯಿತು ಎಂದು ಯಾರೂ ಹೇಳಲಿಲ್ಲ. ಒಬ್ಬ ಕಾರ್ಖಾನೆಗೆ ಹೋದ, ಒಬ್ಬ ಲಾರಿ ಹತ್ತಿದ. ಚಳಿಗಾಲದಲ್ಲಿ ದೂರದ ಊರಿಗೆ ಸ್ವೆಟರ್ ಮಾರಲು ಹೋದ ತೆಂಜಿನ್ ಅಲ್ಲೇ ಎಲ್ಲೋ ನೆಲೆಯಾದ. ಮಾದೇವ ಕೊಡಗಿನ ಕಾಫಿ ತೋಟವೊಂದರಲ್ಲಿ ಕಾವಲಿಗೆ ಸೇರಿದ. ಹೊರಡುವ ದಿನ ದೊಡ್ಡಮ್ಮ ಹುರಿಹಿಟ್ಟು ಕಟ್ಟಿಕೊಟ್ಟಳು. ರಸ್ತೆ ಅಗಲ ಮಾಡುವಾಗ ನಮ್ಮ ಜಗಲಿ, ಅಂಗಡಿ, ನಡುಮನೆಯ ಅರ್ಧ ಹೋದವು. ಉಳಿದರ್ಧ ನಿಲ್ಲಲಾರದೆ ನಾವೇ ಕೆಡವಿದೆವು. ಅಷ್ಟರಲ್ಲಿ ದೊಡ್ಡಮ್ಮ ಇರಲಿಲ್ಲ.

ಕಳೆದ ವರ್ಷ ದೊಡ್ಡಪ್ಪ ಮೈಸೂರಿನ ಆಸ್ಪತ್ರೆಯಲ್ಲಿದ್ದ, ನಾನು ಜೊತೆಗಿದ್ದೆ. ಕಣ್ಣು ಬಹುತೇಕ ಮಂಜಾಗಿತ್ತು. ಸುದ್ದಿ ತಿಳಿದು ಮಾದೇವ ಕೊಡಗಿನಿಂದ ಬಂದ, ತಲೆ ನರೆತಿತ್ತು. ಇಬ್ಬರೂ ಮಳೆಯ ಬಗ್ಗೆ, ಆನೆ ಕಾಟದ ಬಗ್ಗೆ, ಕಾಫಿಯ ಬಗ್ಗೆ ಮಾತಾಡಿದರು. ಚೆಂಡಿನ ಮಾತು ಬರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಅವನು ದೊಡ್ಡಪ್ಪನ ಪಾದ ಮುಟ್ಟಿ, ಕಾಲೆಳೆಯುತ್ತ ಹೊರಟ. ಬಾಗಿಲು ಹಾಕಿದ ಮೇಲೆ ದೊಡ್ಡಪ್ಪ ನನ್ನ ಕೈ ಹುಡುಕಿದ.

"ಮಾದೇವ ನಡ್ಯೋದು ನೋಡುದ್ಯಾ ಮಗಾ?"

"ನೋಡ್ದೆ ದೊಡ್ಡಪ್ಪ."

"ಬಾಳ ಕುಂಟ್ತಾನಾ?"

"ಇಲ್ಲ ದೊಡ್ಡಪ್ಪ. ಗೊತ್ತೇ ಆಗಾಕಿಲ್ಲ."

ಅವನು ತಲೆಯಾಡಿಸಿದ. ನಂಬಿದನೋ, ನಾನು ಹಾಗೆ ಹೇಳಲಿ ಎಂದೇ ಕೇಳಿದನೋ, ನನಗೆ ತಿಳಿಯಲಿಲ್ಲ. ಮಳೆ ಹಿಡಿಯುವ ಮೊದಲೇ ದೊಡ್ಡಪ್ಪನೂ ತೀರಿಕೊಂಡ. ಮಾದೇವನೊಬ್ಬನನ್ನು ಬಿಟ್ಟರೆ ಆ ಹುಡುಗರಲ್ಲಿ ಯಾರು ಈಗ ಯಾವ ಊರಿನಲ್ಲಿದ್ದಾರೆ, ಯಾರಿದ್ದಾರೆ ಯಾರಿಲ್ಲ ಎಂದು ಕೇಳಿದರೆ ಹೇಳಬಲ್ಲವರು ಯಾರೂ ಉಳಿದಿಲ್ಲ.