ವಾಪಸ್ ಬರುವ ದಾರಿ ನೋಡದೆ ಅಪ್‌ಡೇಟ್ ಹಾಕದ ಶಿವಲೀಲಾ

ಇಲ್ಲ... ಸುಳ್ಳು ಸುದ್ದಿ ಎಂದು ಬೆಳಗ್ಗೆ ಫೋನ್ ಇಟ್ಟುಬಿಟ್ಟೆ.
ಅವಳ ಅಣ್ಣನೇ ಮತ್ತೆ ಫೋನ್ ಮಾಡಿ ಅತ್ತಾಗ ನಂಬಲೇಬೇಕಾಯಿತು.

ಫ್ರೆಂಡ್ಸ್, ನಮ್ಮ ಶಿವಲೀಲಾ ಇನ್ನಿಲ್ಲ...
ಹಾರ್ಟ್ ಅಟ್ಯಾಕ್ ಅಂತೆ.
ಮಧ್ಯಾಹ್ನ ಅವಳೂರು ದೇವಾಪುರದಲ್ಲಿ ಮಣ್ಣು.

ಶಹಾಪುರದ ನಮ್ಮ ಸಣ್ಣ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿ ಅವಳದು.
ಯಾವ ಊರಿಗೆ ಯಾವಾಗ ಕಾಲುವೆ ನೀರಿನ ಪಾಳಿ ಎಂದು ರೈತರಿಗೆ ಮೆಸೇಜ್ ಕಳಿಸುವ ಸಾಫ್ಟ್‌ವೇರ್ ನಮ್ಮಿಬ್ಬರ ಕೈಯಲ್ಲಿತ್ತು.
ಅಪ್‌ಡೇಟ್ ಬಂದರೆ ಎಲ್ಲರಿಗೂ ಹಾಕುವ ಅವಸರ.
ಇವಳು ಮಾತ್ರ ಬೇರೆ ಕಂಪ್ಯೂಟರಿನಲ್ಲಿ ಹಾಕಿ, ತೆಗೆದು, ಹಳೆಯದು ಮೊದಲಿನಂತೆ ನಡೆಯುತ್ತದೆಯೇ ಎಂದು ನೋಡುವವರೆಗೆ ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ.

"ನೀ ಸೀರಿ ತಗೊಂಡ್ರೂ ಹಿಂಗೇ ಏನವ್ವ? ವಾಪಸ್ ತಗೋತೀರೇನು ಅಂತ ಮೊದಲ ಕೇಳ್ತೀಯೇನು?" ಎಂದು ಕಾಡುತ್ತಿದ್ದೆ.
"ಹೂನ್ರಿ ಅಣ್ಣಾರ, ಅಂಗಡಿಯವ ಬೈದ್ರೂ ಕೇಳ್ತೀನ್ರಿ."

ಇವತ್ತು ಆ ಕೆಲಸ ನನ್ನ ಕೊರಳಿಗೆ ಬಿತ್ತು...
ನಾಳೆ ಕಾಲುವೆಗೆ ನೀರು. ಅಪ್‌ಡೇಟ್ ಇವತ್ತೇ ಆಗಬೇಕು ಎಂದು ಮ್ಯಾನೇಜರ್ ಸಾಹೇಬರ ಹಟ.
"ಟೆಸ್ಟ್ ಗಿಸ್ಟ್ ಬಿಡ್ರಿ. ಬಟನ್ ಒತ್ತಿ ಮಣ್ಣಿಗೆ ಹೋಗ್ರಿ."

ಒತ್ತಿ ಹೋಗಿ, ಅದು ಕೆಟ್ಟರೆ, ವಡಗೇರಾ ಕಡೆಯ, ಕಾಲುವೆಯ ಕೊನೆ ಹೊಲದವರಿಗೆ ಪಾಳಿ ತಪ್ಪುತ್ತದೆ.
ಒತ್ತುವುದಿಲ್ಲ ಎಂದು ಎದ್ದು ಹೋದರೆ ಸಾಹೇಬರೇ ಒತ್ತಿಬಿಡುತ್ತಾರೆ.
ಟೆಸ್ಟ್ ಮಾಡುತ್ತ ಕೂತರೆ... ಅವಳ ಮಣ್ಣು ತಪ್ಪುತ್ತದೆ.

ತಂಗಿ ಶಿವಲೀಲಾ,
ಎಲ್ಲಿ ತಂದು ಸಿಕ್ಕಿಸಿದೆ ನನ್ನನ್ನು?
ಎಲ್ಲರೂ ಜೀಪು ಹತ್ತಿ ನಿಮ್ಮೂರಿಗೆ ಹೋದರು. ಸಾಹೇಬರೂ ನಾನೂ ಉಳಿದೆವು.
ಎದ್ದೆ. ಚಪ್ಪಲಿ ಹಾಕಿಕೊಂಡೆ. ಬಾಗಿಲವರೆಗೂ ಹೋದೆ. ಮತ್ತೆ ಬಂದು ಕೂತೆ.
ನಿನ್ನ ಮೇಲೆ ಸಿಟ್ಟು ಬಂತು. ಈ ಕೆಲಸ ನನಗೆ ಯಾಕೆ ಕಲಿಸಿದೆಯವ್ವ?

ನಿನ್ನಂತೆಯೇ ಬೇರೆ ಕಂಪ್ಯೂಟರಿನಲ್ಲಿ ಹೊಸದನ್ನು ಹಾಕಿದೆ, ತೆಗೆದೆ.
ಹಳೆಯದು ತೆರೆಯಿತು... ಪಾಳಿ ಇರಬೇಕಾದ ಕಡೆಯೆಲ್ಲ ಖಾಲಿ.
ಇನ್ನೊಮ್ಮೆ ಮಾಡಿದೆ. ಖಾಲಿ.
ಸಾಹೇಬರನ್ನು ಕರೆದು ತೋರಿಸಿದೆ.
"ಬ್ಯಾಡ ಬಿಡ್ರಿ. ಹಳೇದ್ರಾಗ ನಡಸ್ರಿ" ಎಂದರು.

ಅಷ್ಟರಲ್ಲಿ ನಿನ್ನ ಅಣ್ಣನ ಫೋನು.
"ಎಲ್ಲದೀರಿ ಸರ್? ನಿಮ್ಮ ದಾರಿ ನೋಡಿ ನೋಡಿ... ಈಗ ಮಣ್ಣು ಮಾಡಿ ಬಂದ್ವಿರಿ."


ನಾಳೆ ವಡಗೇರಾ ಕಡೆಯವರಿಗೆ ಪಾಳಿಯ ಮೆಸೇಜ್ ಹೋಗುತ್ತದೆ. ನೀನು ಯಾರೆಂದು ಅವರಿಗೆ ಗೊತ್ತಿಲ್ಲ.
ಗೊತ್ತಿದ್ದ ನಾನು ನಿನಗೆ ಒಂದು ಬಿಲ್ವಪತ್ರಿ, ಒಂದು ಚಿಟಿಕೆ ವಿಭೂತಿ ಹಾಕಲು ಬರಲಿಲ್ಲ...

ಶಿವನ ಪಾದದಲ್ಲಿ ನಿನ್ನ ಜೀವ ತಣ್ಣಗಿರಲಿ, ತಂಗಿ.
ನಾನಿನ್ನೂ ಆಫೀಸಿನಲ್ಲೇ ಇದ್ದೇನೆ.